ಚೀಲ ಇಡುವ ಅಂಗಡಿ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕೊಪ್ಪದ ಪೇಟೆ ರಸ್ತೆ ಅಗಲವಾಗುವುದು ಖಾತ್ರಿ ಅಂತ ಗೊತ್ತಾದ ದಿನ ಬೀದಿಯ ಅಂಗಡಿಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನೂ ಕೂತಿದ್ದೆ. ಆದರೆ ನನ್ನ ಕೈ ತಲೆಯ ಮೇಲಿದ್ದದ್ದು ಬರೀ ಮರ್ಯಾದೆಗೆ. ಒಳಗೊಳಗೆ ನನಗೆ ಖುಷಿಯೇ ಆಗಿತ್ತು. ನಲವತ್ತು ವರ್ಷದಿಂದ ನನ್ನ ಅಂಗಡಿಯ ಜಗಲಿಯನ್ನು ಹಿಡಿದು ಕೂತಿದ್ದ ಒಂದು ಪೀಡೆ ಇನ್ನು ತೊಲಗುತ್ತದೆ. ನಾನು ಯಾರ ಮುಖವನ್ನೂ ಕೆಡಿಸಿಕೊಳ್ಳಬೇಕಾಗಿಲ್ಲ, ಯಾರ ಹತ್ತಿರವೂ ನಿಷ್ಠುರ ಆಡಬೇಕಾಗಿಲ್ಲ, ಸರ್ಕಾರವೇ ಯಂತ್ರ ತಂದು ತೊಲಗಿಸಿಕೊಡುತ್ತದೆ. ಆ ಪೀಡೆಯ ಹೆಸರು ಚೀಲ.

ನನ್ನದು ಪಾತ್ರೆ ಅಂಗಡಿ. ಅಪ್ಪ ಬಾಳೆಹೊನ್ನೂರಿನ ಕಡೆಯಿಂದ ಬಂದು ಇಲ್ಲಿ ಹಾಕಿದ್ದು. ಸ್ಟೀಲು, ತಾಮ್ರ, ಹಿತ್ತಾಳೆ, ಕುಕ್ಕರಿನ ಗ್ಯಾಸ್ಕೆಟ್ಟು, ಉಡುಗೊರೆ ಪಾತ್ರೆಗೆ ಹೆಸರು ಕೊರೆದು ಕೊಡುವುದು, ಇಷ್ಟು ಬೋರ್ಡಿನ ಮೇಲಿದೆ. ಬೋರ್ಡಿನ ಮೇಲೆ ಇಲ್ಲದ ಕಸುಬೊಂದಿದೆ, ಅದೇ ಚೀಲ ಇಟ್ಟುಕೊಳ್ಳುವುದು. ಈ ಕಡೆಯ ಹಳ್ಳಿಯವರು ಬಸ್ಸಿಳಿದು ಪೇಟೆಗೆ ಬಂದರೆ ಒಂದೇ ಕೆಲಸಕ್ಕೆ ಬರುವವರಲ್ಲ. ತಾಲ್ಲೂಕು ಕಚೇರಿ, ಸೊಸೈಟಿ, ಡಾಕ್ಟರು, ದಿನಸಿ, ಚಪ್ಪಲಿಯ ಉಂಗುಷ್ಟ, ಪಂಪಿನ ವಾಷರು, ಎಲ್ಲ ಒಂದೇ ದಿನ ಆಗಬೇಕು. ಕೊಂಡದ್ದನ್ನೆಲ್ಲ ಹೊತ್ತುಕೊಂಡು ತಿರುಗಲು ಆಗುತ್ತದೆಯೇ? ಹಾಗಾಗಿ ಪ್ರತಿ ಮನೆಗೂ ಪೇಟೆಯಲ್ಲಿ ಒಂದು ಚೀಲ ಇಡುವ ಅಂಗಡಿ ಇರುತ್ತದೆ. ಅದನ್ನು ಯಾರೂ ಆರಿಸಿಕೊಂಡದ್ದಲ್ಲ. ಅಜ್ಜ ಇಡುತ್ತಿದ್ದ, ಮಗ ಇಡುತ್ತಾನೆ. ಮದುವೆಯಾಗಿ ಬಂದ ಸೊಸೆಗೆ ಮನೆದೇವರು ಯಾವುದು ಅಂತ ಹೇಳಿಕೊಟ್ಟ ಹಾಗೆ ಚೀಲದ ಅಂಗಡಿ ಯಾವುದು ಅಂತಲೂ ಹೇಳಿಕೊಡುತ್ತಾರೆ. ಬಾಡಿಗೆ ಇಲ್ಲ, ಚೀಟಿ ಇಲ್ಲ, ಇಡಲಾ ಅಂತ ಕೇಳುವ ಪದ್ಧತಿಯೂ ಇಲ್ಲ. “ಇಲ್ಲಿರ್ಲಿ ಮಾರಾಯ್ರೆ” ಅನ್ನುವ ಮಾತು ಮುಗಿಯುವಷ್ಟರಲ್ಲಿ ಚೀಲ ಜಗಲಿಯ ಮೇಲೆ, ಅವರು ಬೀದಿಯ ಆ ತುದಿಯಲ್ಲಿ.

ಹಾಗಂತ ಇವರು ನನ್ನ ಗಿರಾಕಿಗಳು ಅಂದುಕೊಳ್ಳಬೇಡಿ. ಪಾತ್ರೆ ಬೇಕಾದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಯಾಕೆ ಅಂತ ಒಮ್ಮೆ ಕೇಳಿಯೇ ಬಿಟ್ಟೆ. ನಮ್ಮಲ್ಲಿ ಚೌಕಾಸಿ ಮಾಡೋಕೆ ದಾಕ್ಷಿಣ್ಯವಂತೆ! ದಿನಾ ಚೀಲ ಇಡುವ ಅಂಗಡಿಯಲ್ಲಿ ಬೆಲೆ ಇಳಿಸಿ ಅಂತ ಹೇಗೆ ಕೇಳೋದು? ಹಾಗಾಗಿ ಎದುರಿನವನ ಹತ್ತಿರ ಗಂಟಲು ಹರಿದುಕೊಂಡು ಚೌಕಾಸಿ ಮಾಡಿ, ಕೊಂಡ ಇಡ್ಲಿ ಪಾತ್ರೆಯನ್ನು ತಂದು ನನ್ನ ಜಗಲಿಯಲ್ಲಿ ಇಟ್ಟು, “ಸ್ವಲ್ಪ ನೋಡ್ಕಳಿ, ನೆಗ್ಗು ಬೀಳ್ದಾಂಗೆ” ಅಂತ ಹೇಳಿ ಹೋಗುತ್ತಾರೆ. ನಾನು ಎದುರಿನವನ ಇಡ್ಲಿ ಪಾತ್ರೆಯನ್ನು ಕಾಯುತ್ತಾ ಕೂರುತ್ತೇನೆ.

ಅಪ್ಪ ಇದಕ್ಕೂ ಒಂದು ಕ್ರಮ ಮಾಡಿಟ್ಟಿದ್ದರು. ಜಗಲಿಯ ಗೋಡೆಗೆ ಐದು ದೊಡ್ಡ ಮೊಳೆ, ಊರಿಗೊಂದಲ್ಲ, ಬಸ್ಸಿಗೊಂದು. ಸೀತೂರಿನ ಬಸ್ಸಿಗೆ ಹೋಗುವವರ ಚೀಲ ಮೊದಲನೇ ಮೊಳೆಗೆ, ಬಾಳೆಹೊನ್ನೂರಿನ ಬಸ್ಸಿನದು ಎರಡನೆಯದಕ್ಕೆ, ಶೃಂಗೇರಿ ಕಡೆಯದು ಮೂರನೆಯದಕ್ಕೆ, ಹೀಗೆ. ಹಾರನ್ ಕೇಳಿದರೆ ಸಾಕು, ತಲೆ ಎತ್ತದೆ ಕೈ ಆ ಮೊಳೆಗೇ ಹೋಗಬೇಕು. ಯಾವ ಬಸ್ಸಿನ ಹಾರನ್ ಯಾವುದು ಅಂತ ನನಗೆ ಇವತ್ತಿಗೂ ಗೊತ್ತು. ಈ ವಿದ್ಯೆಗೆ ಇನ್ನೆಲ್ಲೂ ಉಪಯೋಗ ಇದ್ದಂತಿಲ್ಲ.

ಒಂದೇ ಒಂದು ಸಲ ತಪ್ಪಿದ್ದೆ. ಎರಡು ಬಸ್ಸು ಒಟ್ಟಿಗೆ ಹಾರನ್ ಹೊಡೆದವು, ಎರಡು ಚೀಲವೂ ಒಂದೇ ಬಟ್ಟೆ ಅಂಗಡಿಯವು, ಗಡಿಬಿಡಿಯಲ್ಲಿ ಕೊಟ್ಟುಬಿಟ್ಟೆ. ಜಯಪುರದ ಹತ್ತಿರದ ಪುರೋಹಿತ ಭಟ್ಟರ ಮನೆಗೆ ಒಣಮೀನು ಹೋಯಿತು. ಮರುದಿನ ಭಟ್ಟರು ಆ ಚೀಲವನ್ನು ಕೊಡೆಯ ತುದಿಗೆ ನೇತುಹಾಕಿಕೊಂಡು, ಬಸ್ಸಿನಲ್ಲಿ ಎಲ್ಲರಿಂದ ದೂರ ನಿಂತು ತಂದರು. ಮೂರು ಸಲ ಸ್ನಾನ ಆಯ್ತು ಮಾರಾಯ್ರೆ ಅಂದರು. ಮೀನಿನ ಯಜಮಾನನ ದುಃಖ ಅದಕ್ಕಿಂತ ದೊಡ್ಡದು. “ಎಂತ ಹೇಳೋದು ಮಾರಾಯ್ರೆ, ಸಾರಿಗೆ ಅಂತ ಚೀಲ ಬಿಚ್ಚಿದ್ರೆ ಬರೀ ಹುಲ್ಲು!” ಅಂದ. ಭಟ್ಟರ ದರ್ಭೆ ಅದು. ಇಷ್ಟಾದ ಮೇಲೆ ಇಬ್ಬರೂ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ ಅಂತ ಆಸೆಯಿಂದ ಕಾದೆ. ಇಬ್ಬರೂ ಹೋಗಲಿಲ್ಲ. ಭಟ್ಟರಿಗೆ ಅಂತ ಪ್ರತ್ಯೇಕ ಆರನೇ ಮೊಳೆ ಹೊಡೆಯಬೇಕಾಯಿತು.

ಇಂಥಾ ಜಗಲಿಯ ಮೇಲೆ ಹೋದ ಬೇಸಿಗೆಯಲ್ಲಿ ಕೆಂಪು ಬಣ್ಣದ ಗೆರೆ ಬಿತ್ತು. ಟೇಪು ಹಿಡಿದ ಇಬ್ಬರು ಮತ್ತು ಅವರ ಹಿಂದೆ ಫೈಲು ಹಿಡಿದ ಇಂಜಿನಿಯರಮ್ಮ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ಜಗಲಿ ಪೂರ್ತಿ ಹೋಗುತ್ತದೆ, ಮುಂದಿನ ಗೋಡೆಯೂ ಹೋಗುತ್ತದೆ, ಉಳಿಯುವುದು ಹಿಂದಿನ ಆರಡಿ ಅಂದರು. ಆಮೇಲೆ ಫಾರಂ ತೆಗೆದರು.

“ಜಗಲಿ ಯಾವುದಕ್ಕೆ ಬಳಸ್ತೀರಿ ಸರ್?”

“ಚೀಲಕ್ಕೆ.”

“ಚೀಲ ಮಾರ್ತೀರಾ?”

“ಇಲ್ಲಮ್ಮ, ಇಟ್ಕೋತೀವಿ.”

“ಬಾಡಿಗೆಗಾ?”

“ಇಲ್ಲ.”

ಅವರು ಪೆನ್ನಿನ ತುದಿ ಕಚ್ಚಿಕೊಂಡು ಆರು ಮೊಳೆಗಳನ್ನೂ, ಅವುಗಳಲ್ಲಿ ಜೋತಾಡುತ್ತಿದ್ದ ಹದಿನೈದಿಪ್ಪತ್ತು ಚೀಲಗಳನ್ನೂ ನೋಡಿದರು. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ ಅಂತ ಕಾಣುತ್ತದೆ. ಕೊನೆಗೆ ‘ಖಾಲಿ’ ಅಂತ ಬರೆದುಕೊಂಡರು. ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ನಾನೇ ಬರೆದಿದ್ದರೂ ಇನ್ನೇನು ಬರೆಯುತ್ತಿದ್ದೆ?

ಈ ಜ್ವರ ಕೊಪ್ಪಕ್ಕೆ ಮಾತ್ರ ಬಂದದ್ದಲ್ಲ. ಅತ್ತ ಶೃಂಗೇರಿ, ಇತ್ತ ನಾವು ಎನ್.ಆರ್.ಪುರ ಅನ್ನುವ ನರಸಿಂಹರಾಜಪುರ, ಮೂರು ಊರಿಗೂ ಒಟ್ಟಿಗೇ ಹತ್ತಿದೆ. ಎಲ್ಲಿ ನೋಡಿದರೂ ಹೊಸ ಚರಂಡಿ, ನಡುವೆ ಕಂಬ, ಕಂಬದ ಎರಡು ಕೈಯಲ್ಲಿ ಎರಡು ದೀಪ, ಕೆಳಗೆ ಬಣ್ಣದ ಇಂಟರ್‌ಲಾಕು. ಪೇಟೆಯ ಹೊರಗೆ ಹೋದರೆ ಭತ್ತ ಬೆಳೆಯುತ್ತಿದ್ದ ಗದ್ದೆಗೆ ಕೆಮ್ಮಣ್ಣು ತುಂಬಿ, ಕಲ್ಲು ನೆಟ್ಟು, ಕಮಾನು ಕಟ್ಟಿ, ಯಾರಿಗೂ ನಾಲಿಗೆ ಹೊರಳದ ಹೆಸರಿಟ್ಟ ಬಡಾವಣೆಗಳು. ಇದರಲ್ಲಿ ತಪ್ಪೇನಿದೆ? ಮಕ್ಕಳ ಸ್ಕೂಲಿಗೆ, ಆಸ್ಪತ್ರೆಗೆ ಹತ್ತಿರ ಇರಬೇಕು ಅಂತ ಜನಕ್ಕೂ ಅನ್ನಿಸುತ್ತದೆ. ಒಂಟಿ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಪಕ್ಕದಲ್ಲೊಂದು ಮನೆ ಇರಲಿ ಅಂತ ಆಸೆ ಇದ್ದರೆ ಅದನ್ನು ಆಡಿಕೊಳ್ಳುವುದಕ್ಕೆ ನಾನು ಯಾರು?

ನನ್ನ ಹೆಂಡತಿ ಸರೋಜಳ ತಮ್ಮ ಉಮೇಶ ಎನ್.ಆರ್.ಪುರದವನು. ಸೈಟು, ಮನೆ, ಮಳಿಗೆ, ಇವೇ ಅವನ ವ್ಯವಹಾರ. ಕೆಂಪು ಗೆರೆಯ ಸುದ್ದಿ ಕೇಳಿದ್ದೇ ತಡ, ಕಾರು ತೆಗೆದುಕೊಂಡು ಬಂದ. ಅವನಿಗೆ ಪಾಲಿರುವ ಹೊಸ ಕಾಂಪ್ಲೆಕ್ಸಿನಲ್ಲಿ ಕೆಳಗಿನ ಮಹಡಿಯಲ್ಲೇ ಒಂದು ಮಳಿಗೆ ಇದೆ, ಅವನು ಮನೆ ಕಟ್ಟಿದ ಬಡಾವಣೆಯಲ್ಲೇ ನಮಗೊಂದು ಮನೆಯೂ ಸಿಗುತ್ತದೆ. “ಭಾವ, ಆರಡಿಯಲ್ಲಿ ಏನು ಮಾಡ್ತೀರಿ? ಕಾಲು ಚಾಚಿದ್ರೆ ರಸ್ತೆಗೆ ಬರುತ್ತೆ. ಅವರು ಒಡೆಯೋ ದಿನ ನೀವು ಬಂದು ಅಗ್ರಿಮೆಂಟಿಗೆ ಸಹಿ ಹಾಕಿಬಿಡಿ. ಆಮೇಲೆ ಅಂದ್ರೆ ಪಾಲುದಾರರು ಬೇರೆಯವರಿಗೆ ಕೊಟ್ಟುಬಿಡ್ತಾರೆ,” ಅಂದ. ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸರೋಜ ಮಾತ್ರ ಒಲೆಯ ಕಡೆಗೆ ಮುಖ ಮಾಡಿಕೊಂಡೇ, “ಎಲ್ಲಿ ಕೂತ್ರೂ ನೀವು ಕೂತೇ ಇರ್ತೀರಿ. ನಂದೇನು, ಪಾತ್ರೆ ತೊಳೆಯೋದು ಎರಡೂ ಊರಲ್ಲಿ ಒಂದೇ,” ಅಂದಳು. ನಾನು ಆಗಲಿ ಅಂದೆ. ಒಡೆಯುವ ದಿನ ಗೊತ್ತಾಯಿತು, ಸಹಿಯ ದಿನವೂ ಅದೇ.

ಮನಸ್ಸಿನಲ್ಲಿ ಹೊರಟಾಗಿತ್ತು. ಆದರೂ ಹೊಸ ಪೇಟೆ ಅಂದರೆ ಹೇಗಿರುತ್ತದೆ ಅಂತ ತಿಳಿದಿರಲಿ ಅಂತ ಅದೇ ತಿಂಗಳು ಎರಡು ಊರನ್ನೂ ನೋಡಿ ಬಂದೆ. ಶೃಂಗೇರಿಯ ಒಂದು ಲಾಡ್ಜಿಗೆ ಲೋಟಗಳ ಮೂಟೆ ತಲುಪಿಸುವುದಿತ್ತು. ಹೋದರೆ ಮ್ಯಾನೇಜರು ಇಲ್ಲ, ಮಧ್ಯಾಹ್ನ ಬನ್ನಿ ಅಂದರು. ಬೀದಿ ಚೆಂದವಾಗಿದೆ, ಸುಳ್ಳು ಹೇಳಬಾರದು. ಬಸ್ಸಿನಿಂದ ಇಳಿದ ಯಾತ್ರಿಕರು ಫೋಟೋ ತೆಗೆದುಕೊಳ್ಳುವಷ್ಟು ಚೆಂದ. ಮೂಟೆ ಎಲ್ಲಾದರೂ ಇಟ್ಟು ತುಂಗೆಗೆ ಹೋಗಿ ಕಾಲು ತೊಳೆದು ಬರೋಣ ಅಂತ ಒಂದು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟೆ. “ಇಲ್ಲಿರ್ಲಿ ಮಾರಾಯ್ರೆ,” ಅಂದೆ. ಅಂಗಡಿಯವರು ಮೂಟೆಯನ್ನೂ ನನ್ನನ್ನೂ ನೋಡಿ, ಪಾರ್ಕಿಂಗ್ ಪಕ್ಕದಲ್ಲಿ ಲಗೇಜ್ ಕೊಠಡಿ ಇದೆ ಅಂತ ದಾರಿ ತೋರಿಸಿದರು. ಕೊಠಡಿಯವರು ಮೊಬೈಲ್ ನಂಬರ್ ಕೇಳಿದರು. ಓಟಿಪಿ ಬರುತ್ತದಂತೆ. ನನ್ನ ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಕೊನೆಗೆ ಮೂಟೆ ಹೊತ್ತುಕೊಂಡೇ ಹೊಳೆಯ ಮೆಟ್ಟಿಲಿಳಿದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಮೀನು ನೋಡುತ್ತಾ ಕೂತೆ. ನನ್ನ ಜನ್ಮದಲ್ಲಿ ಮೊದಲ ಸಲ ಚೀಲ ಇಡಲು ಜಾಗ ಹುಡುಕಿದ್ದು ಅವತ್ತೇ. ನಗು ಬಂತು. ಆಮೇಲೆ ಅಷ್ಟೊಂದು ಬರಲಿಲ್ಲ.

ಅಲ್ಲಿ ಕೂತಾಗ ಹಳೆಯ ಘಾಟಿ ದಾರಿಗಳ ಕಲ್ಲುಗಳು ನೆನಪಾದವು. ಬಸ್ಸು ಲಾರಿ ಬರುವ ಮೊದಲು ಜನ ಉಪ್ಪು, ಬೆಲ್ಲ, ಅಕ್ಕಿಯ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಘಟ್ಟ ಹತ್ತಿ ಇಳಿಯುತ್ತಿದ್ದರು. ಹೊರೆ ಹೊತ್ತವನು ಒಬ್ಬನೇ ಇದ್ದರೆ ಅದನ್ನು ನೆಲಕ್ಕೆ ಇಳಿಸುವುದೂ ಕಷ್ಟ, ಮತ್ತೆ ತಲೆಗೇರಿಸುವುದಂತೂ ಸಾಧ್ಯವೇ ಇಲ್ಲ. ಅದಕ್ಕೆ ಅಂತಲೇ ದಾರಿಯ ಪಕ್ಕ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಅಡ್ಡಕಲ್ಲು ಮಲಗಿಸುತ್ತಿದ್ದರು. ಸರಿಯಾಗಿ ಆಳೆತ್ತರ. ನಿಂತ ಹಾಗೇ ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ಬೆವರು ಒರೆಸಿಕೊಂಡು, ನೀರು ಕುಡಿದು, ಮತ್ತೆ ತಲೆ ಒಡ್ಡಿ ಹೊರಟರಾಯಿತು. ಪುಣ್ಯ ಬರಲಿ ಅಂತ ಕೆಲವರು ಇಂಥ ಕಲ್ಲು ನೆಡಿಸುತ್ತಿದ್ದರಂತೆ. ಅಂಥ ಕಲ್ಲು ಇದ್ದ ಕಡೆ ಒಬ್ಬ ಮಜ್ಜಿಗೆ ಮಾರಲು ಕೂರುತ್ತಾನೆ, ಇನ್ನೊಬ್ಬ ಎಲೆಯಡಿಕೆ ಇಡುತ್ತಾನೆ, ನೋಡುನೋಡುತ್ತಾ ಪೇಟೆಯಾಗುತ್ತದೆ. ಈಗಿನ ನಕ್ಷೆಯಲ್ಲಿ ಪೇಟೆ ಅಂದರೆ ವಾಹನ ಸರಾಗ ಹೋಗುವ ಜಾಗ. ನನಗೆ ತಿಳಿದ ಮಟ್ಟಿಗೆ ಅದು ಜನ ಹೊರೆ ಇಳಿಸುವ ಜಾಗವಾಗಿತ್ತು. ನಾನು ಇಂಜಿನಿಯರ್ ಅಲ್ಲ, ನನ್ನ ಮಾತನ್ನು ತೀರ ಹಚ್ಚಿಕೊಳ್ಳಬೇಡಿ.

ಎನ್.ಆರ್.ಪುರಕ್ಕೆ ಹೋದದ್ದು ಉಮೇಶನ ಗೃಹಪ್ರವೇಶಕ್ಕೆ. ಸರೋಜ ಎರಡು ದಿನ ಮುಂಚೆಯೇ ಹೋಗಿದ್ದಳು. ನಾನು ಅವತ್ತೇ ಬೆಳಿಗ್ಗೆ ಒಂದು ತಾಮ್ರದ ಕೊಡದ ಮೇಲೆ ‘ಉಮೇಶ - ಲತಾ, ಗೃಹಪ್ರವೇಶದ ಶುಭಾಶಯಗಳು’ ಅಂತ ನನ್ನ ಕೈಯಾರೆ ಕೊರೆದು, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಮೊದಲು ಕಾಂಪ್ಲೆಕ್ಸ್ ನೋಡಿದೆ. ಮಳಿಗೆ ಲಕ್ಷಣವಾಗಿದೆ. ನೆಲ ಕನ್ನಡಿಯ ಹಾಗಿದೆ, ಬಾಗಿಲಿಗೆ ಗಾಜು. ಪಕ್ಕದ ಮಳಿಗೆಯ ಮೊಬೈಲ್ ಅಂಗಡಿಯವನಿಗೆ, ಕೊಡ ಸ್ವಲ್ಪ ಇಲ್ಲಿರಲಿ, ಹೂವು ತಗೊಂಡು ಬರ್ತೀನಿ ಅಂದೆ. ಅವನು ಪಾಪ ಬಹಳ ವಿನಯದಿಂದ, “ಸರ್, ಕ್ಯಾಮೆರಾ ಇದೆ ಸರ್, ಓನರ್ ಬಯ್ತಾರೆ,” ಅಂದ. ಸರಿ, ಕೊಡದ ಜೊತೆಗೇ ಹೂವಿಗೂ ಹೋದೆ, ಹಣ್ಣಿಗೂ ಹೋದೆ, ಅಲ್ಲಿಂದ ಬಡಾವಣೆಗೂ ಹೋದೆ.

ಇನ್ನು ನಡೆದದ್ದಕ್ಕೆ ನನ್ನನ್ನು ಬಯ್ಯಬೇಡಿ. ನಮ್ಮ ಕಡೆ ಸಮಾರಂಭದ ಮನೆ ಹುಡುಕುವುದು ಹೇಗೆ? ದೂರದಿಂದ ಚಪ್ಪರ ಕಂಡರೆ ಅದೇ ಮನೆ. ಮೈಲಿಗೊಂದು ಮನೆ ಇರುವ ಊರಲ್ಲಿ ಇನ್ನೊಂದು ಚಪ್ಪರ ಎಲ್ಲಿಂದ ಬರಬೇಕು? ಬಡಾವಣೆಯ ಕಮಾನು ದಾಟಿದೆ, ಎರಡನೇ ತಿರುವಿನಲ್ಲಿ ಚಪ್ಪರ ಕಂಡಿತು, ದ್ರಾಕ್ಷಿ ಬಣ್ಣದ ಹೊಸ ಮನೆ, ಒಳಗೆ ಹೋದೆ. ಬನ್ನಿ ಬನ್ನಿ ಅಂದರು. ಪಾನಕ ಕೊಟ್ಟರು. ಪರಿಚಯದವರು ಯಾರೂ ಕಾಣಲಿಲ್ಲ. ಉಮೇಶನ ವ್ಯವಹಾರದ ಜನ ಇರಬೇಕು ಅಂದುಕೊಂಡೆ. ಸರೋಜ ಅಡುಗೆಮನೆಯಲ್ಲಿರುತ್ತಾಳೆ, ಅದು ಹೊಸ ವಿಷಯವೇನಲ್ಲ. ಪಂಕ್ತಿ ಎದ್ದಿತು, ಕೂರಿಸಿದರು, ಹೋಳಿಗೆ ಮೇಲೆ ಹೋಳಿಗೆ ಹಾಕಿದರು. ಕೈ ತೊಳೆದು ಬಂದು ಯಜಮಾನಿಯಂತೆ ಓಡಾಡುತ್ತಿದ್ದ ಹೆಂಗಸಿಗೆ ಕೊಡ ಕೊಟ್ಟೆ. ಅವರು ಸಂತೋಷದಿಂದ ತಿರುಗಿಸಿ ನೋಡಿ, ಓದಿ, ಗಂಡನನ್ನು ಕರೆದರು. ಆತ ಕನ್ನಡಕ ಹಾಕಿಕೊಂಡು ಓದಿ, “ಹೆಸರು ನಮ್ದಲ್ಲ. ಕೊಡ ಮಾತ್ರ ಭಾರಿ ಲಾಯ್ಕಿದೆ,” ಅಂದರು.

ಉಮೇಶನ ಮನೆ ಅದೇ ಬೀದಿಯಲ್ಲಿ, ಒಂದು ಮನೆ ಬಿಟ್ಟು ಆಚೆಯದು. ಅದೇ ಕಂಟ್ರಾಕ್ಟರು, ಅದೇ ನಕ್ಷೆ, ಅದೇ ದ್ರಾಕ್ಷಿ ಬಣ್ಣ, ಅದೇ ಮುಹೂರ್ತ. ಆ ಮನೆಯವರಿಗೆ ಉಮೇಶ ಯಾರು ಅಂತ ಗೊತ್ತಿರಲಿಲ್ಲ. ಉಮೇಶನಿಗೆ ಅವರು ಯಾರು ಅಂತ ಗೊತ್ತಿರಲಿಲ್ಲ. ಮಧ್ಯದ ಮನೆಯವರಿಗೆ ಇಬ್ಬರೂ ಗೊತ್ತಿರಲಿಲ್ಲ. ನಾನು ಕೊಡ ವಾಪಸ್ಸು ಇಸಿದುಕೊಂಡು ಉಮೇಶನ ಮನೆಗೆ ಹೋಗಿ ಎರಡನೇ ಸಲ ಊಟಕ್ಕೆ ಕೂತು, ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿದೆ. ಸರೋಜಳಿಗೆ ನನ್ನ ಮೀಸೆಯ ಮೇಲಿದ್ದ ಹೂರಣ ಕಂಡಿತು. ಬಸ್ಸಿನಲ್ಲಿ ಬರುವಾಗ ನಿಜ ಹೇಳಿದೆ. ಕೊಪ್ಪ ಮುಟ್ಟುವ ತನಕ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ, “ಲತಾ ಹೇಳ್ತಿದ್ಲು, ಪಕ್ಕದ ಮನೆಯ ಒಗ್ಗರಣೆ ಚಟಪಟ ಇಲ್ಲಿಗೆ ಕೇಳುತ್ತೆ, ಹೆಸರು ಗೊತ್ತಿಲ್ಲ ಅಂತ,” ಅಂದಳು.

ಇಷ್ಟೆಲ್ಲ ಆದರೂ ನನ್ನ ಮನಸ್ಸು ಬದಲಾಗಿರಲಿಲ್ಲ. ಕನ್ನಡಿಯಂಥಾ ನೆಲ ಬಿಟ್ಟು ಆರಡಿ ಗೂಡಿನಲ್ಲಿ ಯಾರಾದರೂ ಕೂರುತ್ತಾರೆಯೇ? ಚೀಲದವರಿಗೆ ಒಬ್ಬೊಬ್ಬರಿಗೇ ಹೇಳತೊಡಗಿದೆ. ಇನ್ನು ಬೇರೆ ಅಂಗಡಿ ನೋಡಿಕೊಳ್ಳಿ, ನಾನು ಎನ್.ಆರ್.ಪುರಕ್ಕೆ ಹೋಗ್ತಿದ್ದೇನೆ ಅಂತ. ಅಯ್ಯೋ ಪಾಪ ಅಂದವರುಂಟು, ಒಳ್ಳೇದಾಯ್ತು ಬಿಡಿ ಅಂದವರುಂಟು. ಭಟ್ಟರು ಶುಭವಾಗಲಿ ಅಂತ ಆಶೀರ್ವಾದ ಮಾಡಿ, ಹೊಸ ಮಳಿಗೆಯಲ್ಲಿ ಮೊಳೆ ಎಷ್ಟು ಅಂತ ಕೇಳಿದರು.

ಸೀತೂರಿನ ಕಡೆಯ ಗಿರಿಜಕ್ಕನಿಗೂ ಹೇಳಿದೆ. ಅವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗದ್ದೆ ಕೆಲಸ ತಾವೇ ನಿಂತು ಮಾಡಿಸುವವರು, ಮಾತು ಖಡಕ್ಕು. ಮಂಡಿ ನೋವು. ಪೇಟೆಯನ್ನು ಮೂರು ಸುತ್ತಿನಲ್ಲಿ ಮುಗಿಸುತ್ತಾರೆ. ಒಂದು ಸುತ್ತು ಹೋಗಿ, ಕೊಂಡದ್ದನ್ನು ನನ್ನ ಜಗಲಿಗೆ ಹಾಕಿ, ಕೂತು ಮಂಡಿ ನೀವಿಕೊಂಡು, ಮುಂದಿನ ಸುತ್ತು. ಒಡೆಯುವುದಕ್ಕೆ ಆರು ದಿನ ಮೊದಲು, ಸಂತೆಯ ದಿನ, ಮೂರನೇ ಸುತ್ತು ಮುಗಿಸಿ ಬಸ್ಸಿಗೆ ಕಾಯುತ್ತಾ ಕೂತವರು ನನ್ನ ಕಡೆ ನೋಡದೆ ಕೇಳಿದರು:

“ಅಲ್ಲ ಮಾರಾಯ್ರೆ, ನೀವು ಹೋದ್ಮೇಲೆ ನಾನು ಯಾವ ಅಂಗಡಿಯೋಳು?”

ನಾನು ನಗಾಡಿದೆ. ಅವರು ನಗಲಿಲ್ಲ. “ನನ್ನ ಮದ್ವೆ ಮಾತಾಡೋಕೆ ಬಂದೋರು ನಮ್ಮ ಮನೆ ಹುಡುಕ್ಕಂಡು ಬರ್ಲಿಲ್ಲ. ನಿಮ್ಮಪ್ಪನ ಹತ್ರ ಬಂದು, ಇಂಥೋರು ನಿಮ್ಮಲ್ಲಿ ಚೀಲ ಇಡ್ತಾರಲ್ಲ, ಜನ ಹ್ಯಾಂಗೆ ಅಂತ ಕೇಳಿದ್ರು. ನಿಮ್ಮಪ್ಪ ಒಳ್ಳೆ ಜನ ಅಂದ್ರು. ಅಷ್ಟೇ. ನಿಮಗೆ ಗೊತ್ತುಂಟಾ ಇದು?”

ಗೊತ್ತಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಸೀತೂರು ಬಸ್ಸಿನ ಹಾರನ್ ಕೇಳಿ ನನ್ನ ಕೈ ತಾನಾಗಿಯೇ ಮೊದಲನೇ ಮೊಳೆಗೆ ಹೋಯಿತು. ಮೂರು ಚೀಲವನ್ನೂ ಬಸ್ಸಿನ ತನಕ ನಾನೇ ಹೊತ್ತು ಕೊಟ್ಟೆ. ಯಾವತ್ತೂ ಹಾಗೆ ಮಾಡಿದವನಲ್ಲ. ಕಿಟಕಿಯಿಂದ ಅವರು, “ಹೋಗ್ಬನ್ನಿ,” ಅಂದರು. ಬಸ್ಸಿನಲ್ಲಿ ಹೋಗುತ್ತಿದ್ದವರು ಅವರು, ಹೋಗಿ ಬನ್ನಿ ಅಂತ ಹೇಳಿಸಿಕೊಂಡವನು ನಾನು.

ಒಡೆಯುವ ದಿನ ಬಂತು. ಬೆಳಿಗ್ಗೆ ಪಾತ್ರೆಗಳನ್ನೆಲ್ಲ ಹಿಂದಿನ ಆರಡಿಗೆ ಒತ್ತರಿಸಿ, ಮೊಳೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಬೀದಿಯ ಆಚೆ ಒಂದು ಸ್ಟೂಲಿನ ಮೇಲೆ ಕೂತೆ. ಮಧ್ಯಾಹ್ನದ ಬಸ್ಸಿಗೆ ಎನ್.ಆರ್.ಪುರ, ಮೂರು ಗಂಟೆಗೆ ಸಹಿ ಅಂತ ತೀರ್ಮಾನವಾಗಿತ್ತು. ಸರೋಜ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಸಿ ಕಳಿಸಿದ್ದಳು. ಇಂಜಿನಿಯರಮ್ಮ ಹೆಲ್ಮೆಟ್ ಹಾಕಿಕೊಂಡು ಬಂದು, ಧೂಳು ಬರುತ್ತೆ ಸರ್, ಹಿಂದೆ ಕೂರಿ ಅಂದರು. ಜೆಸಿಬಿ ಬಂತು. ಅಪ್ಪ ಒಂದು ಬೇಸಿಗೆ ಪೂರ್ತಿ ಹಾಕಿ ಕಟ್ಟಿಸಿದ ಜಗಲಿ ಹತ್ತು ನಿಮಿಷದಲ್ಲಿ ಕಲ್ಲು ಮಣ್ಣಾಯಿತು. ನೋಡಲು ಬಂದವರು ಬಹಳ ಜನ ಇದ್ದರು. ಯಾರ ಕೈಯಲ್ಲೂ ಚೀಲ ಇರಲಿಲ್ಲ, ಅಥವಾ ಇದ್ದದ್ದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನನ್ನ ಮುಖ ನೋಡಿ ಆ ಕಡೆ ತಿರುಗುತ್ತಿದ್ದರು. ಸಾವಿನ ಮನೆಯಲ್ಲಿ ಹಾಗೆ ಮಾಡುತ್ತಾರೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

ಊಟದ ಹೊತ್ತಿಗೆ ಯಂತ್ರ ನಿಂತಿತು. ಎಲ್ಲರೂ ಹೋದರು. ಜೆಸಿಬಿಯ ಡ್ರೈವರ್ ಕೆಳಗಿಳಿದ. ಹಾವೇರಿ ಕಡೆಯವನು, ಮೂವತ್ತರ ಆಸುಪಾಸು, ತಲೆಯಿಂದ ಕಾಲಿನವರೆಗೆ ನಮ್ಮ ಜಗಲಿಯ ಮಣ್ಣು. ಕೈಯಲ್ಲಿ ಒಂದು ಮಾಸಿದ ಚೀಲ. ಆ ಕಡೆ ಈ ಕಡೆ ನೋಡಿದ. ಬೀದಿಯ ಉದ್ದಕ್ಕೂ ಅಂಗಡಿಗಳ ಮುಂಭಾಗ ಇರಲಿಲ್ಲ. ನೇರ ನನ್ನ ಹತ್ತಿರ ಬಂದ.

“ಯಜಮಾನ್ರ, ಇದನ್ನೊಂದಿಷ್ಟು ಇಟ್ಕೊಂಡಿರ್ರಿ. ಕ್ಯಾಬಿನ್ನಿನ ಲಾಕ್ ಹೋಗೇತಿ. ಊಟಾ ಮಾಡಿ ಬಂದುಬಿಡ್ತೀನಿ.”

“ಎಲ್ಲಿ ಇಡೋದು ಮಾರಾಯ? ಇಡೋ ಜಾಗ ನೀನೇ ಒಡೆದ್ಯಲ್ಲ!”

ಅವನು ತಿರುಗಿ ಆ ಮಣ್ಣುಗುಡ್ಡೆಯನ್ನು ನೋಡಿದ. ಅದು ಅವನ ಕೆಲಸ, ಅವನ ತಪ್ಪಲ್ಲ. ಆದರೂ ಅವನಿಗೆ ನಾಚಿಕೆಯಾದದ್ದು ಮುಖದಲ್ಲಿ ಕಂಡಿತು. ತಲೆ ಕೆರೆದುಕೊಂಡ. “ಹೌದಲ್ರೀ...” ಅಂದ. ಆಮೇಲೆ, “ಹಂಗಾರ ನಿಮ್ಮ ಕೈಯಾಗರ ಹಿಡ್ಕೊಂಡಿರ್ರಿ. ಈ ಊರಾಗ ನನಗ ಬ್ಯಾರೆ ಯಾರೂ ಗೊತ್ತಿಲ್ರಿ,” ಅಂದು, ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಹೊರಟೇಹೋದ. ನನ್ನ ಪರಿಚಯವಾದರೂ ಅವನಿಗೆ ಎಲ್ಲಿತ್ತು? ಬೆಳಿಗ್ಗೆಯಿಂದ ನನ್ನ ಗೋಡೆ ಒಡೆದದ್ದಷ್ಟೇ ಪರಿಚಯ.

ಚೀಲ ಹಗುರ ಇತ್ತು. ಒಂದು ಜೊತೆ ಬಟ್ಟೆ ಇರಬೇಕು, ಸೋಪಿನ ವಾಸನೆ ಬರುತ್ತಿತ್ತು. ಹಿಡಿಕೆ ಹರಿದದ್ದಕ್ಕೆ ಕೆಂಪು ದಾರದಲ್ಲಿ ಯಾರೋ ಹೊಲಿಗೆ ಹಾಕಿಕೊಟ್ಟಿದ್ದರು. ನಾನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತೆ. ಕಣ್ಣಿಗೆ ನೀರು ಬಂತು. ಧೂಳು ಬಹಳ ಇತ್ತು ಅಂತ ಹೇಳಿದರೆ ನೀವು ನಂಬುತ್ತೀರಿ, ಆದರೆ ಧೂಳು ಆಗಲೇ ಕೂತಿತ್ತು.

ಎನ್.ಆರ್.ಪುರದ ಬಸ್ಸು ಹಾರನ್ ಹೊಡೆಯಿತು. ನಿಂತಿತು. ಕಂಡಕ್ಟರು ನನ್ನ ಕಡೆ ನೋಡಿ ಕೈ ಮಾಡಿದ. ನಾನು ಚೀಲ ತೋರಿಸಿದೆ. ಅವನೂ ಈ ರೂಟಿನಲ್ಲಿ ಬಹಳ ವರ್ಷದಿಂದ ಇದ್ದವನು, ಅರ್ಥ ಮಾಡಿಕೊಂಡು ಸೀಟಿ ಊದಿದ. ಬಸ್ಸು ಹೋಯಿತು.

ಹದಿನೈದು ನಿಮಿಷಕ್ಕೆ ಉಮೇಶನ ಫೋನು.

“ಭಾವ, ಎಲ್ಲಿದ್ದೀರಿ? ಬಸ್ಸು ಹತ್ತಿದ್ರಾ?”

“ಇಲ್ಲ ಮಾರಾಯ. ಒಬ್ಬರ ಚೀಲ ಇದೆ.”

“ಯಾರದ್ದು?”

“ಗೊತ್ತಿಲ್ಲ. ಹೆಸರು ಕೇಳ್ಲಿಲ್ಲ.”

ಆ ಕಡೆ ಉಮೇಶ ಉಸಿರು ಬಿಟ್ಟದ್ದು ಕೇಳಿತು. ಪಾಪ, ನನಗಾಗಿ ಪಾಲುದಾರರನ್ನು ಕೂರಿಸಿಕೊಂಡಿದ್ದ. “ಆಯ್ತು ಭಾವ,” ಅಂದ, “ಹ್ಯಾಗಾದ್ರೂ ಮಾಡಿ ಅವರನ್ನ ಒಪ್ಪಿಸ್ತೀನಿ. ನಾಳೆ ಬೆಳಿಗ್ಗೆ ಬಂದುಬಿಡಿ, ಆಯ್ತಾ?”

ನಾನು ಬೀದಿಯಾಚೆಯ ಆರಡಿಯನ್ನು ನೋಡಿದೆ. ಪಾತ್ರೆಗಳನ್ನು ಮನೆಗೆ ಸಾಗಿಸಿದರೆ ಎಡಗಡೆಯ ಗೋಡೆ ಪೂರ್ತಿ ಖಾಲಿ ಸಿಗುತ್ತದೆ, ಆರು ಮೊಳೆಗೆ ಧಾರಾಳ ಸಾಕು.

“ನಾಳೆ ಆಗಲ್ಲ ಮಾರಾಯ,” ಅಂದೆ. “ನಾಳೆ ಸಂತೆ.”